ಕಾರ್ಖಾನೆಯ ಹೊಸ್ತಿಲಲ್ಲಿ ಉಮೇದುವಾರ

ಮುಂಬಯಿ ಕರ್ನಾಟಕದ ಹಳೆಯ ತಲೆಮಾರಿನವರ ಬಾಯಲ್ಲಿ ‘ಉಮೇದುವಾರ’ ಎಂಬ ಮಾತಿಗೆ ಈಗ ಮರೆತುಹೋಗಿರುವ ಇನ್ನೊಂದು ಅರ್ಥವೂ ಇತ್ತು. ಇಂದು ಆ ಪದ ಕೇಳಿದರೆ ಚುನಾವಣೆಗೆ ನಿಂತವರ ನೆನಪಾಗುತ್ತದೆ. ಆಗ ಕಚೇರಿಯಲ್ಲೋ ಕಾರ್ಖಾನೆಯಲ್ಲೋ ಸಂಬಳವಿಲ್ಲದೆ, ಅಥವಾ ಇದ್ದೂ ಇಲ್ಲದಂಥ ಸಂಬಳಕ್ಕೆ, ಮುಂದೆ ಕಾಯಂ ಆದೀತೆಂಬ ಆಸೆಯಿಂದ ದುಡಿಯುತ್ತಿದ್ದ ಹುಡುಗನೂ ಉಮೇದುವಾರನೇ. ಪಾರಸಿಯ ‘ಉಮೇದು’ ಎಂದರೆ ಭರವಸೆ. ಭರವಸೆಯನ್ನು ಹೊತ್ತವನು ಉಮೇದುವಾರ. ನೆರೆಯ ಮರಾಠಿಯಲ್ಲಿ ಈ ಅರ್ಥ ಇನ್ನೂ ಬದುಕಿದೆ. ಅಪ್ರೆಂಟಿಸನಿಗೆ ಅಲ್ಲಿನ ಸರಕಾರಿ ಹೆಸರು ‘ಶಿಕಾವೂ ಉಮೇದ್ವಾರ್’. ಕನ್ನಡದ ಸರಕಾರಿ ಕಾಗದಪತ್ರಗಳು ‘ಶಿಶಿಕ್ಷು’ ಎನ್ನುತ್ತವೆ. ಕಲಿಯಲು ಬಯಸುವವನು ಎಂದು ಅದರ ಅರ್ಥ. ಆದರೆ ಯಾವ ಕಾರ್ಖಾನೆಯ ಮಿಸ್ತ್ರಿಯೂ ಆ ಪದ ಬಳಸಿದ್ದು ಕೇಳಿಬಂದಿಲ್ಲ. ಅಲ್ಲಿ ಎಲ್ಲರಿಗೂ ಆತ ‘ಅಪ್ರೆಂಟಿಸ್’. ಒಂದು ಪದ ಆಸೆಯನ್ನು ಹೇಳುತ್ತದೆ, ಇನ್ನೊಂದು ಕಲಿಕೆಯನ್ನು. ಇವೆರಡರಲ್ಲಿ ಯಾವುದು ನಿಜ ಎಂಬ ಪ್ರಶ್ನೆಗೆ ನೂರೈವತ್ತು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಅದರ ಒಂದು ಮುಖ್ಯ ಅಧ್ಯಾಯದ ನಾಯಕ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಸವದತ್ತಿಗೆ ಹೊಂದಿಕೊಂಡ ಗುರ್ಲಹೊಸೂರಿನಲ್ಲಿ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದರೆ ಯಂತ್ರಗಳ ನೆನಪು ಯಾರಿಗೂ ಬರುವುದಿಲ್ಲ. ಕಿತ್ತೂರಿಗೆ ಚೆನ್ನಮ್ಮನ 1824ರ ಹೋರಾಟವಿದೆ, ಸವದತ್ತಿಗೆ ಯಲ್ಲಮ್ಮನ ಗುಡ್ಡವಿದೆ. ಬೈಲಹೊಂಗಲಕ್ಕೆ ಹತ್ತಿಯ ಪೇಟೆ, ರಾಮದುರ್ಗಕ್ಕೆ ನೇಕಾರರ ಮಗ್ಗ. ಬ್ರಿಟಿಷರ ಕಾಲದ ದಫ್ತರಗಳಲ್ಲಿ ಬೈಲಹೊಂಗಲದ ಸೀಮೆ ಸಂಪಗಾವಿ ತಾಲ್ಲೂಕು, ಸವದತ್ತಿಯದು ಪರಸಗಡ ತಾಲ್ಲೂಕು. ರಾಮದುರ್ಗವಂತೂ 1948ರವರೆಗೆ ಭಾವೆ ಮನೆತನದ ಪುಟ್ಟ ಸಂಸ್ಥಾನ. ಎರೆಭೂಮಿ, ಜೋಳ, ಹತ್ತಿ, ಮಲಪ್ರಭೆಯ ನೀರು – ಇದು ಈ ನಾಡಿನ ಬಾಳು. ಈ ನಾಲ್ಕು ಊರುಗಳಲ್ಲಿ ಒಂದಕ್ಕೂ ರೈಲು ಬರಲಿಲ್ಲ.

ಆದರೂ ಇಲ್ಲಿ ಕಬ್ಬಿಣದ ಕೆಲಸ ಕಲಿಯುವ ಪದ್ಧತಿ ಇರಲಿಲ್ಲವೆಂದಲ್ಲ. ಪ್ರತಿ ಹಳ್ಳಿಯ ಕಮ್ಮಾರನ ಕುಲುಮೆಯೂ ಒಂದು ಶಾಲೆಯೇ. ಆಯಗಾರಿಕೆಯ ವ್ಯವಸ್ಥೆಯಲ್ಲಿ ರೈತನ ರಂಟೆ, ಕುಂಟೆ, ಕೂರಿಗೆಗಳನ್ನು ಬಡಿಗ, ಕಮ್ಮಾರರು ವರ್ಷವಿಡೀ ನೋಡಿಕೊಳ್ಳುತ್ತಿದ್ದರು. ಸುಗ್ಗಿಯಲ್ಲಿ ಕಣದಿಂದಲೇ ಅವರ ಪಾಲಿನ ಕಾಳು ಹೋಗುತ್ತಿತ್ತು. ಕಮ್ಮಾರನ ಮಗ ಮೊದಲು ತಿದಿ ಒತ್ತುತ್ತಿದ್ದ. ಕಬ್ಬಿಣ ಎಷ್ಟು ಕೆಂಪಾದರೆ ಬಗ್ಗುತ್ತದೆ, ಎಷ್ಟು ಬೆಳ್ಳಗಾದರೆ ಬೆಸೆಯುತ್ತದೆ ಎಂಬುದನ್ನು ಅವನ ಕಣ್ಣು ಆ ಬೆಂಕಿಯಲ್ಲೇ ಕಲಿಯುತ್ತಿತ್ತು. ಆಮೇಲೆ ದೊಡ್ಡ ಸುತ್ತಿಗೆ, ಕೊನೆಗೆ ಅಡಿಗಲ್ಲಿನ ಮುಂದಿನ ಜಾಗ. ಕರಾರುಪತ್ರವಿಲ್ಲ, ಪರೀಕ್ಷೆಯಿಲ್ಲ, ಪ್ರಮಾಣಪತ್ರವಿಲ್ಲ. ಇದನ್ನು ಗುರುಕುಲವೆಂದು ಹಾಡಿ ಹೊಗಳುವವರಿದ್ದಾರೆ. ಆದರೆ ಆ ಶಾಲೆಯ ಬಾಗಿಲು ಜಾತಿಯದು ಎಂಬುದನ್ನು ಮರೆಯುವಂತಿಲ್ಲ. ಹೊರಗಿನವನಿಗೆ ಪ್ರವೇಶವಿಲ್ಲ, ಒಳಗೆ ಹುಟ್ಟಿದವನಿಗೆ ಬೇರೆ ದಾರಿಯಿಲ್ಲ.

ಕಾನೂನು ಈ ವಿಷಯಕ್ಕೆ ಕೈಹಾಕಿದ್ದು 1850ರಲ್ಲಿ. ಕಂಪನಿ ಸರಕಾರ ಆ ವರ್ಷ ತಂದ ಅಪ್ರೆಂಟಿಸ್ ಕಾಯಿದೆ ಮುಖ್ಯವಾಗಿ ಅನಾಥ ಮಕ್ಕಳನ್ನೂ ಧರ್ಮಾರ್ಥವಾಗಿ ಸಾಕಿದ ಬಡಮಕ್ಕಳನ್ನೂ ಕಣ್ಣಮುಂದಿಟ್ಟುಕೊಂಡಿತ್ತು. ಹತ್ತು ದಾಟಿದ, ಹದಿನೆಂಟು ತುಂಬದ ಮಗುವನ್ನು ತಂದೆಯೋ ಪೋಷಕನೋ ಒಬ್ಬ ಕಸಬುದಾರನಿಗೆ ಹೆಚ್ಚೆಂದರೆ ಏಳು ವರ್ಷ ಕರಾರು ಬರೆದು ಒಪ್ಪಿಸಬಹುದಿತ್ತು. ಹುಡುಗಿಯಾದರೆ ಕರಾರು ಮದುವೆಯವರೆಗೆ ಮಾತ್ರ. ಏಳು ವರ್ಷ ಎಂಬ ಲೆಕ್ಕ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿ 1563ರ ಶಾಸನವೊಂದು ಕಸಬು ನಡೆಸಬೇಕಾದರೆ ಏಳು ವರ್ಷ ಕಲಿತಿರಲೇಬೇಕೆಂದು ವಿಧಿಸಿತ್ತು. ಯಂತ್ರಯುಗ ಕಾಲಿಟ್ಟ ಮೇಲೆ, 1814ರಲ್ಲಿ, ಅಲ್ಲಿಯವರೇ ಆ ನಿಯಮವನ್ನು ಕೈಬಿಟ್ಟರು. ಅಂತೂ ನಮ್ಮ ದೇಶದಲ್ಲಿ ಕಾನೂನಿನ ಕಣ್ಣಿಗೆ ಅಪ್ರೆಂಟಿಸ್ ಮೊದಲು ಕಂಡದ್ದು ಅನ್ನಕ್ಕೊಂದು ದಾರಿ ಮಾಡಿಕೊಡಬೇಕಾದ ದಿಕ್ಕಿಲ್ಲದ ಮಗುವಾಗಿ. ಇಂಜಿನಿಯರಿಂಗಿಗೂ ಅದಕ್ಕೂ ಸಂಬಂಧ ಅಷ್ಟಕ್ಕಷ್ಟೆ.

ಯಂತ್ರವಿದ್ಯೆ ಈ ಭಾಗಕ್ಕೆ ಬಂದದ್ದು ರೈಲಿನ ಜೊತೆ. ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಹುಬ್ಬಳ್ಳಿಯಲ್ಲಿ ತನ್ನ ಕಾರ್ಯಾಗಾರ ತೆರೆಯಿತು. ಭೋಂಗಾದ ಸದ್ದಿಗೆ ದಿನ ಆರಂಭಿಸುವ ಹೊಸ ಬಗೆಯ ಬದುಕು ಅಲ್ಲಿ ಹುಟ್ಟಿತು. ಆದರೆ ದೇಶದ ರೈಲ್ವೆ ಕಾರ್ಯಾಗಾರಗಳಲ್ಲೆಲ್ಲ ಆಗ ಒಂದೇ ಕಥೆ: ಭಾರತೀಯ ಹುಡುಗ ಫಿಟ್ಟರನಾಗಬಹುದು, ಮಿಸ್ತ್ರಿಯಾಗಬಹುದು, ಫೋರ್‌ಮನ್ ಕುರ್ಚಿ ಬಹುಮಟ್ಟಿಗೆ ಯೂರೋಪಿಯನ್ನರಿಗೆ ಮತ್ತು ಆಂಗ್ಲೋ-ಇಂಡಿಯನ್ನರಿಗೆ ಮೀಸಲು.

ಈ ಗೋಡೆಗೆ ತಲೆ ತಗುಲಿಸಿಕೊಂಡವರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರೂ ಒಬ್ಬರು. ಅವರು ಗುರ್ಲಹೊಸೂರಿನಲ್ಲಿ ಹುಟ್ಟಿದ್ದು 1869ರ ಜೂನ್ 20ರಂದು. (ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಇದೇ ಊರಿನವರು. ಒಂದೇ ಹಳ್ಳಿ ರಂಗಭೂಮಿಗೂ ಯಂತ್ರೋದ್ಯಮಕ್ಕೂ ಒಬ್ಬೊಬ್ಬರನ್ನು ಕೊಟ್ಟದ್ದು ವಿಶೇಷವೇ.) ತಂದೆ ಕಾಶಿನಾಥಪಂತರು ವೇದಾಂತದ ಪಂಡಿತರು. ಮಗನಿಗೆ ಒಲವಿದ್ದುದು ಚಿತ್ರ ಬರೆಯುವುದರಲ್ಲಿ, ಯಂತ್ರ ಬಿಚ್ಚುವುದರಲ್ಲಿ. ತಂದೆಗೆ ಒಪ್ಪಿಗೆಯಿರಲಿಲ್ಲ, ಅಣ್ಣ ರಾಮೂಅಣ್ಣ ಬೆಂಬಲಕ್ಕೆ ನಿಂತರು. 1885ರಲ್ಲಿ ಲಕ್ಷ್ಮಣರಾಯರು ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ತಮಗೆ ಕೆಲವು ಬಣ್ಣಗಳು ಸರಿಯಾಗಿ ಕಾಣುವುದಿಲ್ಲವೆಂದು ಗೊತ್ತಾಯಿತು. ಕುಂಚ ಅಲ್ಲಿಗೇ ನಿಂತಿತು. ಉಳಿದದ್ದು ಯಂತ್ರಗಳ ರೇಖಾಚಿತ್ರ. ಅದಕ್ಕೆ ಬಣ್ಣ ಬೇಡ, ಕಣ್ಣಳತೆ ಮತ್ತು ಕರಾರುವಾಕ್ಕಾದ ಗೆರೆ ಸಾಕು.

ಆ ವಿದ್ಯೆಯ ಬಲದ ಮೇಲೆ ಅವರು ಮುಂಬಯಿಯ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಡ್ರಾಯಿಂಗ್ ಮೇಷ್ಟರಾದರು. ಪಾಠದ ಗಂಟೆ ಮುಗಿದ ಮೇಲೆ ಅವರು ಸೇರುತ್ತಿದ್ದುದು ಅಲ್ಲಿನ ವರ್ಕ್‌ಶಾಪ್. ಹಗಲು ಕಲಿಸುವವನು, ಬಿಡುವಿನಲ್ಲಿ ಕಲಿಯುವವನು. ಅವರ ಇಡೀ ಅಪ್ರೆಂಟಿಸ್‌ಷಿಪ್ ಇಷ್ಟೇ. ಕರಾರಿಲ್ಲ, ಗುರುವೂ ಇಲ್ಲ. 1897ರಲ್ಲಿ ನ್ಯಾಯವಾಗಿ ತಮಗೆ ಬರಬೇಕಾಗಿದ್ದ ಬಡ್ತಿ ಒಬ್ಬ ಆಂಗ್ಲೋ-ಇಂಡಿಯನ್ನನ ಪಾಲಾದಾಗ ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದುಬಿಟ್ಟರು. ಅಲ್ಲಿ ಅಣ್ಣತಮ್ಮಂದಿರ ಸೈಕಲ್ ಅಂಗಡಿ ಆಗಲೇ ನಡೆಯುತ್ತಿತ್ತು. ರಾಮೂಅಣ್ಣ ಸೈಕಲ್ ಹೊಡೆಯುವುದನ್ನು ಕಲಿಸಲು 15 ರೂಪಾಯಿ ಶುಲ್ಕ ಪಡೆಯುತ್ತಿದ್ದರು. ಇದೂ ಒಂದು ಬಗೆಯ ಕಲಿಕೆಯೇ. ಕಲಿಯುವವನೇ ದುಡ್ಡು ತೆರಬೇಕಾಗಿತ್ತು, ಅಷ್ಟೆ.

ಬೆಳಗಾವಿಯಲ್ಲಿ ಸಣ್ಣ ಕಾರ್ಯಾಗಾರ ಹಾಕಿ ಮೇವು ಕತ್ತರಿಸುವ ಯಂತ್ರ ಮಾಡಿದರು. 1903ರಲ್ಲಿ ಕಬ್ಬಿಣದ ನೇಗಿಲು ಬಂತು. ಎರೆಭೂಮಿಯಲ್ಲಿ ಆಳಕ್ಕೆ ಬೇರುಬಿಟ್ಟ ಕರಿಕೆಯ ಕಾಟ ಎಷ್ಟೆಂದು ಸವದತ್ತಿ, ಬೈಲಹೊಂಗಲದ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಕಟ್ಟಿಗೆಯ ರಂಟೆ ಮಣ್ಣನ್ನು ಗೀರುತ್ತದೆ, ಮಗುಚುವುದಿಲ್ಲ. ಕಬ್ಬಿಣದ ನೇಗಿಲು ಹೆಂಟೆಯನ್ನು ಬುಡಮೇಲು ಮಾಡಿ ಬೇರನ್ನು ಬಿಸಿಲಿಗೆ ಹಾಕುತ್ತದೆ. ಆದರೆ ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಹೆದರಿದರು. ಸುಮಾರು ಎರಡು ವರ್ಷ ನೇಗಿಲುಗಳು ಮಾರಾಟವಾಗದೆ ಬಿದ್ದಿದ್ದವು.

ಆ ಹೆದರಿಕೆಯನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಅದರ ಜೊತೆಗೆ ಇನ್ನೊಂದು ಮಾತೂ ಇತ್ತೆಂಬುದನ್ನು ನೆನೆಯಬೇಕು. ರಂಟೆ ಮುರಿದರೆ ರಿಪೇರಿಗೆ ಊರ ಬಡಿಗನಿದ್ದ, ಗುಳ ಸವೆದರೆ ಕಮ್ಮಾರನಿದ್ದ. ಕಾರ್ಖಾನೆಯ ನೇಗಿಲಿನ ಗುಳ ಸವೆದರೆ ಯಾರ ಬಳಿ ಹೋಗುವುದು? ಕಾರ್ಖಾನೆಯಿಂದ ಹೊಸ ಗುಳ ತರಿಸಬೇಕು, ಅದು ಹಳೆಯ ನೇಗಿಲಿಗೆ ಸರಿಯಾಗಿ ಕೂಡಬೇಕು. ಕುಲುಮೆಯ ವಿದ್ಯೆಗೂ ಕಾರ್ಖಾನೆಯ ವಿದ್ಯೆಗೂ ವ್ಯತ್ಯಾಸ ಇರುವುದು ಇಲ್ಲೇ. ಕಮ್ಮಾರ ಎದುರಿಗಿರುವ ರಂಟೆಗೆ ತಕ್ಕಂತೆ ಗುಳ ಬಡಿಯುತ್ತಾನೆ. ಅವನ ಕೈಯಲ್ಲಿ ಎರಡು ಗುಳ ಒಂದೇ ತೆರನಾಗಿರಬೇಕಾಗಿಲ್ಲ. ಕಾರ್ಖಾನೆಯಲ್ಲಿ ಇಂದು ಎರಕ ಹೊಯ್ದ ಗುಳ ಹೋದ ವರ್ಷ ಮಾರಿದ ನೇಗಿಲಿಗೂ ಹೊಂದಬೇಕು. ಬೋಲ್ಟಿನ ರಂಧ್ರ ಕೂದಲೆಳೆ ಸರಿದರೂ ರೈತ ಹೊಲದಲ್ಲಿ ನಿಂತು ಶಪಿಸುತ್ತಾನೆ. ಅಂದರೆ ಕಾರ್ಖಾನೆಯ ಹುಡುಗ ಕಬ್ಬಿಣದ ಸ್ವಭಾವಕ್ಕಿಂತ ಮೊದಲು ಕಲಿಯಬೇಕಾದದ್ದು ಅಳತೆಯನ್ನು, ಕಾಗದದ ಮೇಲಿನ ಗೆರೆಯನ್ನು ಓದುವುದನ್ನು. ಆ ಕಾರ್ಖಾನೆಯ ಯಜಮಾನನೇ ಡ್ರಾಯಿಂಗ್ ಮೇಷ್ಟರಾಗಿದ್ದುದು ಕೇವಲ ಆಕಸ್ಮಿಕ. ಆದರೆ ಎಂಥ ಆಕಸ್ಮಿಕ!

ಬೆಳಗಾವಿಯ ಪುರಸಭೆ ಹೊಸ ಬಡಾವಣೆಗಾಗಿ ಕಾರ್ಯಾಗಾರದ ಜಾಗ ತೆರವು ಮಾಡಲು ಹೇಳಿದಾಗ ಲಕ್ಷ್ಮಣರಾಯರು ದಿಕ್ಕುಗಾಣದಾದರು. ಔಂಧ ಸಂಸ್ಥಾನದ ಅರಸ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಕುಂಡಲ ರೈಲು ನಿಲ್ದಾಣದ ಬಳಿ ಜಮೀನು ಕೊಟ್ಟು, ಬಡ್ಡಿಯಿಲ್ಲದ ಸಾಲವನ್ನೂ ಕೊಟ್ಟರು. 1910ರಲ್ಲಿ ಕಾರ್ಖಾನೆ ಅಲ್ಲಿಗೆ ಹೋಯಿತು. ಪಾಪಾಸುಕಳ್ಳಿ ಬೆಳೆದ, ಹಾವುಗಳು ತುಂಬಿದ ಬಂಜರು ಭೂಮಿ ಅದು. ಈಗ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರವಾಡಿ ಹುಟ್ಟಿದ್ದು ಹೀಗೆ. ಕಾರ್ಖಾನೆ ಬೆಳಗಾವಿಯಲ್ಲೇ ಉಳಿದಿದ್ದರೆ ಪರಸಗಡ, ಸಂಪಗಾವಿಯ ಹುಡುಗರ ಪಾಡು ಏನಾಗುತ್ತಿತ್ತು ಎಂಬುದು ಊಹೆಗೆ ಬಿಟ್ಟ ಮಾತು. ಊರಿನಲ್ಲಿ ಹುಟ್ಟಿದ ವಿದ್ಯೆ ಊರು ಬಿಟ್ಟಿತೆಂಬುದು ಮಾತ್ರ ನಿಜ.

ಕಿರ್ಲೋಸ್ಕರವಾಡಿಯ ಮೊದಲ ತಂಡದವರ ಹಿನ್ನೆಲೆ ನೋಡಿದರೆ ಇಂದಿನ ನೇಮಕಾತಿ ಅಧಿಕಾರಿಗಳು ಬೆಚ್ಚಿಬೀಳುತ್ತಾರೆ. ಅನಂತರಾವ್ ಫಳ್ಣೀಕರ್ ಶಾಲೆ ಅರ್ಧಕ್ಕೆ ಬಿಟ್ಟವರು. ಅಲ್ಲಿ ಕಲ್ಪಕ ಇಂಜಿನಿಯರರಾದರು. ಶಂಭೂರಾವ್ ಜಾಂಭೇಕರರಿಗೆ ಯಂತ್ರದ ಬುದ್ಧಿ ಹುಟ್ಟಿನಿಂದಲೇ ಬಂದಿತ್ತು. ಓದಿನಲ್ಲಿ ಸೋತ ಕೆ.ಕೆ. ಕುಲಕರ್ಣಿ ವ್ಯವಸ್ಥಾಪಕರಾದರು. ದರೋಡೆಕೋರರೆಂದು ಹೆಸರಾಗಿದ್ದ ತುಕಾರಾಮ ರಾಮೋಶಿ ಮತ್ತು ಪೀರ್ಯಾ ಮಾಂಗ ನಂಬಿಗಸ್ತ ಕಾವಲುಗಾರರಾದರು. ಇದನ್ನು ಲಕ್ಷ್ಮಣರಾಯರ ದೊಡ್ಡ ಮನಸ್ಸೆಂದು ಮಾತ್ರ ಬಣ್ಣಿಸುವುದು ರೂಢಿ. ಅದು ಸುಳ್ಳಲ್ಲ. ಆದರೆ ಇನ್ನೊಂದು ಕಾರಣವೂ ಸ್ಪಷ್ಟವಿದೆ. ಆ ಬಂಜರಿನಲ್ಲಿ ತಯಾರಾದ ಫಿಟ್ಟರ್, ಟರ್ನರ್, ಮೋಲ್ಡರ್‌ಗಳು ಸಿಗುವಂತಿರಲಿಲ್ಲ. ಸಿಕ್ಕವರನ್ನು ತಿದ್ದಿ ತಯಾರು ಮಾಡದಿದ್ದರೆ ಕಾರ್ಖಾನೆಯೇ ಇಲ್ಲ. ಕಲಿಸುವುದು ಉಪಕಾರವಾಗಿರಲಿಲ್ಲ, ಗರಜು ಆಗಿತ್ತು. ಕಲಿತವನನ್ನು ಬಿಟ್ಟುಕೊಡುವ ಪ್ರಶ್ನೆಯೂ ಏಳುತ್ತಿರಲಿಲ್ಲ.

ಇದೇ ಪ್ರಶ್ನೆ ಮುಂದೆ ದೇಶದ ಮಟ್ಟದಲ್ಲಿ ಎದ್ದಿತು. ಸರ್ ಥಾಮಸ್ ಹಾಲೆಂಡ್ ಅಧ್ಯಕ್ಷತೆಯ ಕೈಗಾರಿಕಾ ಆಯೋಗ 1916ರಿಂದ 1918ರವರೆಗೆ ಚರ್ಚಿಸಿದ ವಿಷಯಗಳಲ್ಲಿ ಯಂತ್ರವಿದ್ಯೆಯನ್ನು ಎಲ್ಲಿ ಕಲಿಸಬೇಕೆಂಬುದೂ ಒಂದು. ಕಾರ್ಯಾಗಾರವೇ ಅದರ ಕೇಂದ್ರವಾಗಿರಬೇಕು, ತರಗತಿಯ ಪಾಠ ಅದಕ್ಕೆ ಜೊತೆಯಾಗಿರಬೇಕು ಎಂಬ ಕಡೆಗೆ ಆಯೋಗದ ಒಲವಿತ್ತು. ಸ್ವಾತಂತ್ರ್ಯಾನಂತರ ನಡೆದದ್ದು ಹೆಚ್ಚುಕಡಿಮೆ ತಿರುಗುಮುರುಗು. 1950ರಲ್ಲಿ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆಯಿಂದ ಐ.ಟಿ.ಐ.ಗಳು ಬೆಳೆದವು. ಮೊದಲು ತರಗತಿ, ಆಮೇಲೆ ಕಾರ್ಖಾನೆ ಎಂಬ ಕ್ರಮ ಬಂತು. 1961ರ ಅಪ್ರೆಂಟಿಸ್ ಕಾಯಿದೆ 1850ರ ಕಾಯಿದೆಯನ್ನು ರದ್ದುಮಾಡಿ, ಕಾರ್ಖಾನೆಗಳು ಇಂತಿಷ್ಟು ಜನರಿಗೆ ಕಲಿಸಲೇಬೇಕೆಂದು ಕಡ್ಡಾಯ ಮಾಡಿತು. 1973ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾದವರೂ ಅದರ ವ್ಯಾಪ್ತಿಗೆ ಸೇರಿದರು. ಲಕ್ಷ್ಮಣರಾಯರು ಈ ಕಾಯಿದೆಯನ್ನಾಗಲಿ ಅದರ ತಿದ್ದುಪಡಿಯನ್ನಾಗಲಿ ನೋಡಲಿಲ್ಲ. ಅವರು ತೀರಿಕೊಂಡದ್ದು 1956ರ ಸೆಪ್ಟೆಂಬರ್ 26ರಂದು, ಅವರು ಹುಟ್ಟಿದ ಊರು ಮೈಸೂರು ರಾಜ್ಯಕ್ಕೆ ಸೇರುವ ಐದು ವಾರ ಮುಂಚೆ.

ಆ ಕಾಯಿದೆಯ ಎರಡು ಕಲಮುಗಳು ಅಪ್ರೆಂಟಿಸನ ಹಣೆಬರಹವನ್ನು ಬರೆದಿವೆ. 18ನೆಯ ಕಲಮಿನ ಪ್ರಕಾರ ಆತ ಕಲಿಯುವವನು, ಕೆಲಸಗಾರನಲ್ಲ. ಆರೋಗ್ಯ, ಸುರಕ್ಷತೆ, ಕ್ಷೇಮದ ನಿಯಮಗಳು ಅನ್ವಯಿಸುತ್ತವೆ, ಮಿಕ್ಕ ಕಾರ್ಮಿಕ ಕಾನೂನುಗಳು ಅನ್ವಯಿಸುವುದಿಲ್ಲ. 22ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಹಾಗೆಂದು ಬರೆಯದಿದ್ದರೆ, ತರಬೇತಿ ಮುಗಿದವನಿಗೆ ಕೆಲಸ ಕೊಡುವ ಹೊಣೆ ಮಾಲೀಕನ ಮೇಲಿಲ್ಲ. ಮಾಲೀಕರ ವಾದವೂ ಸುಮ್ಮನೆ ತಳ್ಳಿಹಾಕುವಂಥದಲ್ಲ: ಕಲಿತವರಿಗೆಲ್ಲ ಕೆಲಸ ಕೊಡಬೇಕೆಂದರೆ ಯಾರೂ ಕಲಿಸಲು ಮುಂದೆ ಬರಲಾರರು. ಆದರೆ ಫಲ ಮಾತ್ರ ಹುಡುಗನ ಪಾಲಿಗೆ ಕಹಿ. ಉತ್ತರ ಪ್ರದೇಶದ ಸಾರಿಗೆ ನಿಗಮದಲ್ಲಿ ಕಲಿತವರ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ನಡುದಾರಿಯೊಂದನ್ನು ತೋರಿಸಿತು. ಬೇರೆಲ್ಲ ಅರ್ಹತೆ ಸಮನಾಗಿದ್ದರೆ ಹೊರಗಿನವರಿಗಿಂತ ತರಬೇತಾದ ಅಪ್ರೆಂಟಿಸನಿಗೆ ಆದ್ಯತೆ ಇರಬೇಕು ಎಂದಿತು. 2014ರ ತಿದ್ದುಪಡಿ, ತಾನು ತರಬೇತಿ ಕೊಟ್ಟವರ ನೇಮಕದ ಬಗ್ಗೆ ಪ್ರತಿ ಮಾಲೀಕನೂ ತನ್ನದೇ ನೀತಿ ರೂಪಿಸಿಕೊಳ್ಳಲಿ ಎಂದಿತು. ಆದ್ಯತೆಯೂ ನೀತಿಯೂ ನೌಕರಿಯಲ್ಲ ಎಂಬುದನ್ನು ಹುಡುಗರು ಬೇಗ ಅರಿತುಕೊಳ್ಳುತ್ತಾರೆ.

ಹಾಗಿದ್ದರೂ ಪ್ರತಿ ವರ್ಷ ಈ ನಾಲ್ಕು ಸೀಮೆಗಳಿಂದ ಹುಡುಗರು, ಈಚೆಗೆ ಹುಡುಗಿಯರೂ, ಅಪ್ರೆಂಟಿಸರಾಗಿ ಹೊರಡುತ್ತಾರೆ. ಹತ್ತಿರದಲ್ಲಿ ಇರುವುದು ಸಾರಿಗೆ ಸಂಸ್ಥೆಯ ಬಸ್ ಘಟಕಗಳು, ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಕಾರ್ಖಾನೆಯಂಥ ಸಕ್ಕರೆ ಕಾರ್ಖಾನೆಗಳು. ದೂರ ಹೋದರೆ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳು, ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರ. ಈಗ ನೈರುತ್ಯ ರೈಲ್ವೆಗೆ ಸೇರಿರುವ ಆ ಕಾರ್ಯಾಗಾರಕ್ಕೆ ಹತ್ತನೆಯ ತರಗತಿ ಮತ್ತು ಐ.ಟಿ.ಐ. ಅಂಕಗಳೇ ಪ್ರವೇಶದ ಚೀಟಿ.

ಕಾರ್ಖಾನೆ ಯಾವುದೇ ಇರಲಿ, ಫಿಟ್ಟರ್ ಹುಡುಗನ ಮೊದಲ ಪಾಠ ಬದಲಾಗಿಲ್ಲ. ವೈಸಿನಲ್ಲಿ ಕಬ್ಬಿಣದ ತುಂಡೊಂದನ್ನು ಬಿಗಿದು, ಕೈಗೆ ಅರ ಕೊಟ್ಟು, ‘ಸಪಾಟು ಮಾಡು’ ಎನ್ನುತ್ತಾರೆ. ಸುಲಭವೆಂದು ತೋರುತ್ತದೆ. ಹೊಸಬನ ಕೈ ತೊಟ್ಟಿಲಿನಂತೆ ತೂಗುತ್ತದೆ; ಅಂಚುಗಳು ಸವೆದು ನಡುವೆ ಉಬ್ಬು ಉಳಿಯುತ್ತದೆ. ಮೂಲೆಮಟ್ಟವನ್ನು ಮೇಲಿಟ್ಟು ಬೆಳಕಿಗೆ ಹಿಡಿದರೆ ಸಂದಿನಿಂದ ಬೆಳಕು ಇಣುಕುತ್ತದೆ. ಆ ಬೆಳಕಿನ ಗೆರೆ ಮಾಯವಾಗುವತನಕ ಉಜ್ಜಬೇಕು. ಅಂಗೈಯ ಗುಳ್ಳೆ ಒಡೆದು ಗಟ್ಟಿಯಾಗುವ ಹೊತ್ತಿಗೆ, ಭುಜವನ್ನಲ್ಲ, ಇಡೀ ಮೈಯನ್ನು ನೆಟ್ಟಗೆ ಸಾಗಿಸಬೇಕೆಂಬುದು ಹೇಗೋ ಮೈಗೆ ಹತ್ತಿಬಿಡುತ್ತದೆ. ಯಾವ ಪುಸ್ತಕದಿಂದಲೂ ಅದು ಬರುವುದಿಲ್ಲ. ಫೌಂಡ್ರಿಯಲ್ಲಿ ಮರಳಿನ ಹದವನ್ನು ಮುಷ್ಟಿಯಲ್ಲಿ ಹಿಡಿದು ನೋಡುತ್ತಾರೆ. ಬೆರಳ ಗುರುತು ಮೂಡಬೇಕು, ಮುರಿದರೆ ಅಂಚು ಉದುರಬಾರದು. ಅಚ್ಚಿನ ಮರಳನ್ನು ಅತಿಯಾಗಿ ಕುಟ್ಟಿದರೆ ಗಾಳಿ ಹೊರಹೋಗದೆ ಎರಕದಲ್ಲಿ ತೂತು ಬೀಳುತ್ತದೆ. ಸಡಿಲ ಬಿಟ್ಟರೆ ಎರಕ ಊದಿಕೊಳ್ಳುತ್ತದೆ. ಲೇತಿನ ಮುಂದೆ ನಿಂತವನು ತೋಳು ಮಡಚಿರಬೇಕು, ತಿರುಗುವ ಚಕ್ಕಿನ ಬಳಿ ಕೈಗವಸು ಹಾಕಬಾರದು, ಚಕ್ಕಿನ ಕೀಲಿಯನ್ನು ಅದರಲ್ಲೇ ಮರೆತು ಯಂತ್ರ ಚಾಲೂ ಮಾಡಬಾರದು. ಉಳಿ ಮೊಂಡಾಯಿತೆಂಬುದನ್ನು ಅನುಭವಿ ಟರ್ನರ್ ಕಣ್ಣಿಗಿಂತ ಮೊದಲು ಕಿವಿಯಿಂದ ತಿಳಿಯುತ್ತಾನೆ. ಸಕ್ಕರೆ ಕಾರ್ಖಾನೆಯಲ್ಲಿ ನಿಜವಾದ ಶಾಲೆ ನಡೆಯುವುದು ಕಬ್ಬು ನುರಿಸುವಾಗಲ್ಲ, ಹಂಗಾಮು ಮುಗಿದು ಗಾಣಗಳನ್ನೆಲ್ಲ ಬಿಚ್ಚಿ ಹರವಿದಾಗ.

ಪದವಿ, ಡಿಪ್ಲೊಮಾ ಪಡೆದು ಬಂದವರ ಪಾಡು ಇನ್ನೊಂದು ಬಗೆಯದು. ಅವರಿಗೆ ಡ್ರಾಯಿಂಗ್ ಓದಲು ಬರುತ್ತದೆ, ಕೈ ಓಡುವುದಿಲ್ಲ. ಮೂವತ್ತು ವರ್ಷ ದುಡಿದ ಮಿಸ್ತ್ರಿಗೆ ಕೈ ಓಡುತ್ತದೆ, ಡ್ರಾಯಿಂಗಿನ ಮುಂದೆ ತಡವರಿಕೆ. ಮಿಸ್ತ್ರಿ ‘ತಮ್ಮಾ, ಇದನ್ನು ಹಿಡಿ’ ಎಂದಾಗ ಹಿಡಿಯಲು ನಾಚಿದ ಹುಡುಗ ನೋಟ್‌ಬುಕ್ಕಿನೊಂದಿಗೆ ವರ್ಷ ಕಳೆಯುತ್ತಾನೆ. ಹಿಡಿದವನಿಗೆ ಎರಡೂ ವಿದ್ಯೆ ಸಿಗುತ್ತವೆ. ಇದು ಕಾರ್ಖಾನೆಯ ಗುಣವನ್ನೂ ಅವಲಂಬಿಸಿದೆ. ಕೆಲವೆಡೆ ವಿಭಾಗದಿಂದ ವಿಭಾಗಕ್ಕೆ ಬದಲಿಸಿ ಎಲ್ಲವನ್ನೂ ತೋರಿಸುತ್ತಾರೆ. ಕೆಲವೆಡೆ ಒಂದೇ ಯಂತ್ರದ ಮುಂದೆ ನಿಲ್ಲಿಸಿ ವರ್ಷವಿಡೀ ಒಂದೇ ರಂಧ್ರ ಕೊರೆಸುತ್ತಾರೆ. ಅಲ್ಲಿ ಆತ ಹೆಸರಿಗೆ ಶಿಶಿಕ್ಷು, ಲೆಕ್ಕಕ್ಕೆ ಅಗ್ಗದ ಕೂಲಿ. ಕಿರ್ಲೋಸ್ಕರವಾಡಿಯ ಕಾಲಕ್ಕೂ ಈಗಿನದಕ್ಕೂ ಇರುವ ಅಂತರ ಇದೇ. ಆಗ ಕಲಿತ ಕೈಗಳಿಗೆ ಬರವಿತ್ತು. ಈಗ ಒಬ್ಬ ಹೋದರೆ ಮುಂದಿನ ವರ್ಷ ಇನ್ನೊಬ್ಬ ಬರುತ್ತಾನೆ. ಕಲಿಸುವ ಗರಜು ಮಾಲೀಕನಿಗಿಲ್ಲ.

ದುಡ್ಡಿನ ಮಾತೂ ಇದೆ. 2019ರ ನಿಯಮಗಳು ಪದವೀಧರ ಅಪ್ರೆಂಟಿಸನಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ, ಡಿಪ್ಲೊಮಾದವನಿಗೆ 8,000 ರೂಪಾಯಿ ಗೊತ್ತುಮಾಡಿದ್ದವು. ಬೆಳಗಾವಿಯಲ್ಲೇ ಮನೆಯಿದ್ದವನಿಗೆ ಅದು ಕೈಖರ್ಚು. ಸುಮಾರು ನೂರು ಕಿಲೋಮೀಟರು ದೂರದ ರಾಮದುರ್ಗದಿಂದ ಬಂದು ಕೋಣೆ ಹಿಡಿದ ನೇಕಾರನ ಮಗನಿಗೆ ಬಾಡಿಗೆ, ಖಾನಾವಳಿ ಕಳೆದರೆ ಉಳಿಯುವುದು ಊರಿಗೆ ಹೋಗಿಬರುವ ಬಸ್ ಚಾರ್ಜು. ಬೈಲಹೊಂಗಲ, ಕಿತ್ತೂರಿನವರು ದಿನಾ ಬಸ್ಸಿನಲ್ಲಿ ಓಡಾಡಿ ಕೋಣೆಯ ಬಾಡಿಗೆ ಉಳಿಸುತ್ತಾರೆ. ಮೊದಲ ಪಾಳಿಯಾದರೆ ಕತ್ತಲಿರುವಾಗಲೇ ನಿಲ್ದಾಣದಲ್ಲಿ ನಿಲ್ಲಬೇಕು. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ಹೊಸ ರೈಲುಮಾರ್ಗ ಮಂಜೂರಾಗಿದೆ. ಅದು ಮುಗಿದ ದಿನ, ನಾಲ್ಕು ಊರುಗಳಲ್ಲಿ ಕಿತ್ತೂರಿನ ಹುಡುಗರಿಗೆ ಮಾತ್ರ ಒಂದು ಕಡೆ ಹುಬ್ಬಳ್ಳಿಯ ಕಾರ್ಯಾಗಾರಕ್ಕೂ ಇನ್ನೊಂದು ಕಡೆ ಬೆಳಗಾವಿಯ ಫೌಂಡ್ರಿಗಳಿಗೂ ರೈಲಿನ ದಾರಿ ತೆರೆಯುತ್ತದೆ. ಗುರ್ಲಹೊಸೂರಿನವರು ಆಗಲೂ ಸವದತ್ತಿಯ ಬಸ್ ನಿಲ್ದಾಣಕ್ಕೇ ಬರಬೇಕು.